ಮಂಡಿಯಿಂದ ಹದಿನೈದು ಸೆಂಟಿಮೀಟರ್

ಹನ್ನೊಂದನೇ ತಾರೀಖು, ಮಂಗಳವಾರ
ಮಧ್ಯಾಹ್ನ ಹನ್ನೆರಡೂಕಾಲು, ಸ್ಕ್ಯಾನಿಂಗ್ ಕೋಣೆಯ ಗಾಜಿನ ಈಚೆ

ನನ್ನ ಕಡ್ಡಿಗೆ,

ಅಮ್ಮನ ಆಶೀರ್ವಾದ. ಕ್ಷೇಮ ಸಮಾಚಾರವನ್ನು ಈ ಸಲ ಕೊನೆಗೆ ಇಟ್ಟುಕೊಂಡಿದ್ದೇನೆ. ಅದನ್ನೇ ಮೊದಲು ಬರೆಯಲು ಹೋಗಿ ಎರಡು ಹಾಳೆ ಹರಿದು ಹಾಕಿದ್ದಾಯಿತು. ನಾವು ಚೆನ್ನಾಗಿದ್ದೇವೆ ಅಂತ ಶುರು ಮಾಡಿದರೆ ಮುಂದಿನ ಸಾಲಿಗೆ ಹೋಗಲು ಕೈಯೇ ಬರುವುದಿಲ್ಲ. ಇದು ಮೂರನೆಯ ಹಾಳೆ. ಇದನ್ನು ನಿನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ಯಾರನ್ನೋ ಬಾಯಿ ತೆರೆಸಿ ಕೂರಿಸಿಕೊಂಡು ಓದಬೇಡ. ಮನೆಗೆ ಹೋಗಿ, ಊಟ ಮುಗಿಸಿ, ಕೂತು ಓದು. ಓದಿ ಮುಗಿಯುವವರೆಗೆ ಫೋನಿಗೆ ಕೈ ಹಾಕಬೇಡ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಕಳೆದ ಐದು ತಿಂಗಳಲ್ಲಿ ಹೇಳಬೇಕೆಂದೇ ಹತ್ತು ಸಲವಾದರೂ ಫೋನು ಮಾಡಿದ್ದೇನೆ. ನೀನು ಹಲೋ ಅಂದ ಕೂಡಲೇ ನನಗೆ ನಿನ್ನ ಊಟ, ನಿನ್ನ ನಿದ್ದೆ, ಪಕ್ಕದ ಮನೆಯ ನಾಯಿ ಎಲ್ಲ ನೆನಪಾಗುತ್ತದೆ, ಅದೊಂದು ಬಿಟ್ಟು. ನೀನು ಚಿಕ್ಕಂದಿನಿಂದ ಯಾವುದನ್ನೇ ಆಗಲಿ ಕಡ್ಡಿ ಮುರಿದ ಹಾಗೆ ಹೇಳುವವಳು. ಅದಕ್ಕೇ ಈ ಹೆಸರು ಅಂಟಿಕೊಂಡಿತು. ನಾನು ಅಡ್ಡಗೋಡೆಯ ಮೇಲೆ ದೀಪ ಇಡುವವಳು. ನಿನ್ನ ಗುಣ ನಿಮ್ಮಪ್ಪನ ಕಡೆಯಿಂದ ಬಂದದ್ದು, ನನ್ನ ಕಡೆಯಿಂದಲ್ಲ.

ನಿನ್ನ ಪತ್ರ ಶನಿವಾರ ಸಿಕ್ಕಿತು. ಹಳದಿ ಮಾತ್ರೆ ನುಂಗಿ ಒಂದು ಗಂಟೆಯಾಗುವುದರೊಳಗೆ ಹೊಟ್ಟೆ ತೊಳೆಸಿಕೊಂಡು ಬರುತ್ತದೆ ಎಂದು ಬರೆದಿದ್ದೀಯ. ಬಾಚಣಿಗೆಗೆ ಸಿಕ್ಕುವ ಕೂದಲನ್ನು ನೋಡುವುದನ್ನೇ ಬಿಟ್ಟಿದ್ದೀಯಂತೆ. ಆರು ಕಿಲೋ ಇಳಿದಿದ್ದೀಯಂತೆ. ಇಷ್ಟಾದರೂ ಒಂದು ಚೀಟಿಯಲ್ಲಿ ೨೬ ಎಂದು ದೊಡ್ಡದಾಗಿ ಬರೆದು ಬಚ್ಚಲುಮನೆಯ ಕನ್ನಡಿಗೆ ಅಂಟಿಸಿಕೊಂಡಿದ್ದೀಯ, ವಾಂತಿ ಬಂದಾಗಲೆಲ್ಲ ಅದನ್ನು ನೋಡಿ ತಡೆದುಕೊಳ್ಳುತ್ತೀಯ ಎಂದು ಬರೆದೆಯಲ್ಲ, ಅಲ್ಲಿಗೆ ನನ್ನ ಓದು ನಿಂತಿತು. ಮುಂದಿನದನ್ನು ಅರ್ಧ ಗಂಟೆ ಬಿಟ್ಟು ಓದಿದೆ. ಬರುವ ಸೋಮವಾರ ನರರೋಗದ ಡಾಕ್ಟರಮ್ಮನ ಹತ್ತಿರ ಹೋಗಿ, ದಿನಕ್ಕೆ ಎರಡರ ಬದಲು ಮೂರು ಮಾತ್ರೆ, ಇನ್ನೂ ಒಂದು ವರ್ಷ ಎಂದು ಒಪ್ಪಿ ಸಹಿ ಹಾಕಿ ಬರುತ್ತೀಯಂತೆ. ಮದ್ದು ಕೆಲಸ ಮಾಡ್ತಿದೆ ಅಂತ ಅಮ್ಮನ ಮಿಷನ್ನೇ ಹೇಳಿದ ಮೇಲೆ ನಾನ್ಯಾಕೆ ಹಿಂದೆ ಸರೀಲಿ ಅಂತ ಕೊನೆಯ ಸಾಲು.

ಆವತ್ತಿನಿಂದ ಕೆಂಡದ ಮೇಲೆ ಕೂತ ಹಾಗಿದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಭಾನುವಾರ ಒಂದೇ ಕಪಾಟನ್ನು ಮೂರು ಸಲ ಒರೆಸಿದೆನಂತೆ. ಕಾಲಿಗೇನು ಚಕ್ರ ಕಟ್ಕೊಂಡಿದೀಯಾ ಅಂತ ನಿಮ್ಮಪ್ಪ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದುಕೊಂಡೇ ಕೇಳಿದರು. ಕಾಲು ನೋವು ಅಂದೆ. ನೋವಿರೋರು ಕೂತ್ಕೋತಾರೆ ಅಂದರು. ಆ ಮನುಷ್ಯನಿಗೆ ಏನೂ ತಿಳಿಯುವುದಿಲ್ಲ ಎಂದು ನಾವಿಬ್ಬರೂ ಅಂದುಕೊಂಡಿರುವುದೇ ತಪ್ಪು.

ಹೇಳಿಬಿಡುತ್ತೇನೆ. ಆ ಇಪ್ಪತ್ತಾರು ಸುಳ್ಳು, ಮಗಳೇ.

ಸುಳ್ಳು ಅಂದರೆ ತಪ್ಪು. ತಪ್ಪು ಎಂದೇ ಓದಿಕೋ. ಗಂಟೆ ಬಾರಿಸುತ್ತಿದ್ದಾರೆ, ಮುಂದಿನವರು ಬಂದರು.

ಎರಡೂಮುಕ್ಕಾಲು

ಬಂದವರು ಒಬ್ಬ ತಾತ, ಸೊಂಟ ಹಿಡಿದುಕೊಂಡಿದೆ. ಕೊಳವೆಯೊಳಗೆ ಹೋಗುವ ಮುಂಚೆ ನನ್ನ ಮಣಿಕಟ್ಟು ಹಿಡಿದುಕೊಂಡು, ಒಳಗೆ ಹೋದೋರನ್ನ ಮರೆತು ಮನೆಗೆ ಹೋಗ್ಬಿಟ್ಟಿದ್ದು ಯಾವತ್ತಾದ್ರೂ ಉಂಟಾ ಅಂತ ಕೇಳಿದರು. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರನ್ನೂ ಬಿಟ್ಟು ಹೋಗಿಲ್ಲ ತಾತ ಅಂದೆ. ನಕ್ಕರು. ನನಗೆ ನಗು ಬರಲಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಯಾಕೆಂದರೆ ನನ್ನ ತಪ್ಪು ಅದರೊಳಗೇ ಕೂತಿದೆ. ಮಾಮೂಲಿ ಎಂಆರ್‌ಐ ಚಿತ್ರ ತೋರಿಸುತ್ತದೆ, ಅಷ್ಟೇ. ನೋಡಿದವರಲ್ಲಿ ಒಬ್ಬರು ಸ್ವಲ್ಪ ಸವೆದಿದೆ ಅನ್ನುತ್ತಾರೆ, ಇನ್ನೊಬ್ಬರು ಸಾಧಾರಣ ಅನ್ನುತ್ತಾರೆ. ನಿನಗೆ ಮಾಡಿದ್ದು ಅಳತೆಯ ಎಂಆರ್‌ಐ. ಕಾಯಿಲೆಯಿಂದ ಸ್ನಾಯು ಸವೆದ ಜಾಗದಲ್ಲಿ ಕೊಬ್ಬು ಬಂದು ಕೂರುತ್ತದೆ. ಚಿತ್ರದ ಒಂದೊಂದು ಚುಕ್ಕೆಯಲ್ಲೂ ನೀರೆಷ್ಟು, ಕೊಬ್ಬೆಷ್ಟು ಎಂದು ಬೇರೆ ಮಾಡಿ, ನೂರಕ್ಕೆ ಇಷ್ಟು ಎಂದು ಮಿಷನ್ನು ಕೊಡುತ್ತದೆ. ಕಾಲು ಒದೆಸಿ ಬಲ ನೋಡುವ ಪರೀಕ್ಷೆಯಲ್ಲಾದರೆ ಆ ದಿನದ ಹುಮ್ಮಸ್ಸೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಈ ಸಂಖ್ಯೆಗೆ ಮಾತ್ರ ಯಾರ ಮುಲಾಜೂ ಇಲ್ಲ ಎಂದು ಇಲ್ಲಿಗೆ ಬಂದ ಹೊಸಬರಿಗೆಲ್ಲ ಪಾಠ ಹೇಳಿದವಳು ನಾನೇ.

ಮೊದಲ ಸಲ, ಒಂದೂವರೆ ವರ್ಷದ ಹಿಂದೆ, ನಿನ್ನ ಸ್ಕ್ಯಾನ್ ತೆಗೆದದ್ದು ನನ್ನ ಜೊತೆಯ ಟೆಕ್ನಿಷಿಯನ್. ತಮ್ಮ ಮನೆಯವರನ್ನು ತಾವೇ ಸ್ಕ್ಯಾನ್ ಮಾಡಬಾರದು ಎಂಬ ನಿಯಮ ಇಲ್ಲಿದೆಯಲ್ಲ, ನಾನು ಗಾಜಿನ ಈಚೆಗೂ ಬರದೆ ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿನಲ್ಲಿ ಮೂವತ್ತೊಂದು ಬಂತು. ನಾನು ಮುಖ ಎಲ್ಲಿಡಲಿ ಎಂದು ಒದ್ದಾಡುತ್ತಿರುವಾಗ ನೀನು, ಚಿಕ್ಕಂದಿನಿಂದ ನನಗೆ ಕೊಬ್ಬು ಜಾಸ್ತಿ ಅಂತ ಬೈತಿದ್ದೆ, ಈಗ ನೋಡು, ನೂರಕ್ಕೆ ಮೂವತ್ತೊಂದು ಅಂತ ಪಕ್ಕಾ ಲೆಕ್ಕ ಸಿಕ್ತು ಅಂದೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ನಕ್ಕೆವು. ಮನೆಗೆ ಬಂದು ನಾನು ಅತ್ತದ್ದನ್ನು ನಿನಗೆ ಹೇಳಿರಲಿಲ್ಲ.

ಈ ಅಳತೆಗೆ ಒಂದೇ ಒಂದು ಷರತ್ತು. ಪ್ರತಿ ಸಲವೂ ತೊಡೆಯ ಅದೇ ಜಾಗವನ್ನು ಅಳೆಯಬೇಕು. ನಿನ್ನ ಕಾಯಿಲೆ ಮಂಡಿಯ ಕಡೆಯಿಂದ ಮೇಲಕ್ಕೆ ಏರುವಂಥದು. ಕೆಳಗೆ ಕೊಬ್ಬು ಹೆಚ್ಚು, ಮೇಲೆ ಹೋದಷ್ಟೂ ಕಡಿಮೆ. ಹಾಗಾಗಿ ಜಾಗ ಎರಡು ಬೆರಳು ಹೆಚ್ಚುಕಡಿಮೆಯಾದರೆ ಅದು ಬೇರೆ ಕಾಲನ್ನೇ ಅಳೆದ ಹಾಗೆ. ಅದಕ್ಕೆ ನಾವು ಮಂಡಿಚಿಪ್ಪಿನ ಮೇಲಂಚಿನಿಂದ ಟೇಪು ಹಿಡಿದು, ಹದಿನೈದು ಸೆಂಟಿಮೀಟರಿಗೆ ಸರಿಯಾಗಿ ಒಂದು ಮೀನೆಣ್ಣೆಯ ಗುಳಿಗೆಯನ್ನು ತೊಡೆಗೆ ಅಂಟಿಸುತ್ತೇವೆ. ಚಿತ್ರದಲ್ಲಿ ಅದು ಬೆಳ್ಳಗೆ ಮಣಿಯ ಹಾಗೆ ಕಾಣುತ್ತದೆ, ಅಲ್ಲಿಂದ ಅಳತೆ. ಇಷ್ಟು ದೊಡ್ಡ ಯಂತ್ರ ತಂದಿಟ್ಟು ಕೊನೆಗೆ ದರ್ಜಿಯ ಟೇಪು, ಮೀನೆಣ್ಣೆ ಗುಳಿಗೇನಾ ಎಂದು ನೀನು ತಮಾಷೆ ಮಾಡಿದ್ದೆ.

ಆ ದರ್ಜಿಯ ಟೇಪಿನಲ್ಲೇ ಎಡವಟ್ಟಾಯಿತು ನೋಡು. ನಮ್ಮ ಹಳೆಯ ಬಟ್ಟೆಯ ಟೇಪಿನ ತುದಿ ನಾರು ಬಿಟ್ಟು ಹಿಂಜಿಹೋಗಿತ್ತು. ಯಾರೋ ಪುಣ್ಯಾತ್ಮರು ಮೊದಲ ನಾಲ್ಕು ಸೆಂಟಿಮೀಟರನ್ನು ಕತ್ತರಿಸಿ ಬಿಸಾಕಿದ್ದರು. ಹೊಸದಕ್ಕೆ ಅರ್ಜಿ ಹಾಕಿದರೆ ಯಾವ ಕಾಲಕ್ಕೆ ಬರುತ್ತದೋ, ಅದಕ್ಕೇ ನಾವೆಲ್ಲ ಒಂದು ಅಭ್ಯಾಸ ಮಾಡಿಕೊಂಡಿದ್ದೆವು. ಹದಿನೈದು ಬೇಕಾದರೆ ಟೇಪಿನಲ್ಲಿ ಹತ್ತೊಂಬತ್ತನ್ನು ನೋಡುವುದು. ನಾಲ್ಕು ವರ್ಷ ಹೀಗೇ ನಡೆಯಿತು. ಗೋಡೆಯ ಮೇಲೆ ಹತ್ತೊಂಬತ್ತು ಎಂದು ಬರೆದ ಕಾಗದವೂ ಇತ್ತು. ಆಮೇಲೆ ಒಂದು ದಿನ ಹೊಸ ಟೇಪು ಬಂತು, ಸೊನ್ನೆಯಿಂದ ಶುರುವಾಗುವ ಪ್ಲಾಸ್ಟಿಕ್ಕಿನದು. ನನ್ನ ಕೈ ಮಾತ್ರ ಹಳೆಯ ದಾರಿಯಲ್ಲೇ ಹತ್ತೊಂಬತ್ತಕ್ಕೆ ಹೋಯಿತು. ಮಂಡಿಯಿಂದ ಹದಿನೈದರಲ್ಲಿ ಇರಬೇಕಾದ ಗುಳಿಗೆ ಹತ್ತೊಂಬತ್ತರಲ್ಲಿ ಕೂತಿತು.

ಐದು ತಿಂಗಳ ಹಿಂದೆ, ನಿನ್ನ ಎರಡನೇ ಸ್ಕ್ಯಾನಿನ ದಿನ ಆದದ್ದು ಇದು. ಜೊತೆಯವಳಿಗೆ ಜ್ವರ, ರಜೆ ಹಾಕಿದ್ದಳು. ಬೇರೆ ಯಾರೂ ಇರಲಿಲ್ಲ, ನಿಯಮ ಮುರಿದು ನಾನೇ ತೆಗೆದೆ. ನಾಲ್ಕು ಸೆಂಟಿಮೀಟರ್ ಮೇಲೆ ಅಳೆದದ್ದಕ್ಕೆ ಇಪ್ಪತ್ತಾರು ಬಂತು. ಡಾಕ್ಟರಮ್ಮ ಕಾಗದವನ್ನು ಎರಡು ಸಲ ನೋಡಿ, ಇಳಿದಿದೆ, ಇದು ಅಪರೂಪ ಅಂದರಂತೆ. ನೀನು ಅಲ್ಲಿಂದಲೇ ಫೋನು ಮಾಡಿ ಅತ್ತೆ. ನಿಮ್ಮಪ್ಪ ಇಸ್ತ್ರಿ ಮಾಡಿಟ್ಟ ಅಂಗಿಯನ್ನೇ ಮತ್ತೆ ಇಸ್ತ್ರಿ ಮಾಡಿದರು. ನಾನೂ ಖುಷಿಪಟ್ಟೆ. ಖುಷಿಪಟ್ಟ ಹಾಗೆ ಮಾಡಿದೆ ಎಂದು ಬರೆದರೆ ಅದೂ ಪೂರ್ತಿ ನಿಜವಲ್ಲ. ಒಂದು ವಾರ ನಿಜವಾಗಿಯೂ ಖುಷಿಪಟ್ಟೆ.

ಇನ್ನೊಬ್ಬರ ಸ್ಕ್ಯಾನ್ ಇದೆ, ತಡಿ.

ನಾಲ್ಕೂಹತ್ತು

ನನಗೆ ಯಾವಾಗ ಗೊತ್ತಾಯಿತು ಎಂದು ನೀನು ಕೇಳುತ್ತೀಯ. ಮೇಲಿನ ಮಹಡಿಯಲ್ಲಿ ನಮ್ಮ ಗೆರೆ ಮೇಷ್ಟ್ರು ಇದ್ದಾರಲ್ಲ, ನೀನು ಒಂದು ಸಲ ನೋಡಿದ್ದೀಯ, ಕುತ್ತಿಗೆಗೆ ಎರಡು ಕನ್ನಡಕ ನೇತು ಹಾಕಿಕೊಂಡಿರುವವರು. ಅವರ ಕೆಲಸವೇ ಚಿತ್ರದಲ್ಲಿ ಒಂದೊಂದು ಸ್ನಾಯುವಿನ ಸುತ್ತ ಮೌಸಿನಿಂದ ಗೆರೆ ಎಳೆಯುವುದು. ಗೆರೆಯ ಒಳಗಿನದಕ್ಕೆ ಮಾತ್ರ ಲೆಕ್ಕ. ಒಂದು ತೊಡೆಗೆ ಹನ್ನೆರಡು ಗೆರೆ. ದಿನವಿಡೀ ಅದೇ. ಹೆಂಡತಿಯ ಮುಖಕ್ಕಿಂತ ಊರಿನವರ ತೊಡೆ ಚೆನ್ನಾಗಿ ಗೊತ್ತು ಎಂದು ತಾವೇ ಹೇಳಿಕೊಳ್ಳುತ್ತಾರೆ. ನಿನ್ನ ಎರಡನೇ ಸ್ಕ್ಯಾನಿಗೆ ಗೆರೆ ಎಳೆದು ಒಂದು ವಾರವಾದ ಮೇಲೆ ಕೆಳಗೆ ಬಂದು ನನ್ನನ್ನು ಕರೆದರು. ತೊಡೆಯ ಹಿಂಭಾಗದಲ್ಲಿ ಒಂದು ಗಿಡ್ಡ ಸ್ನಾಯು ಇರುತ್ತದೆ, ತೊಡೆಯ ನಡುವಿನಿಂದ ಕೆಳಕ್ಕೆ ಮಾತ್ರ. ಮೊದಲನೇ ಸ್ಕ್ಯಾನಿನಲ್ಲಿ ಅದು ಕಾಣುತ್ತಿತ್ತು, ಎರಡನೆಯದರಲ್ಲಿ ಇಲ್ಲ. ಸ್ನಾಯುಗಳು ಸೊರಗೋದನ್ನ ನೋಡಿದೀನಿ ಮೇಡಂ, ಎದ್ದು ಊರು ಬಿಟ್ಟು ಹೋಗೋದನ್ನ ನೋಡಿಲ್ಲ ಅಂದರು.

ಅವರು ಹೇಳಿದ್ದು ತಮಾಷೆಗೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಕೇಳದಿದ್ದರೂ ನಾನು ನಾಲ್ಕು ಕಾರಣ ಕೊಟ್ಟೆ. ಕಾಲು ಸ್ವಲ್ಪ ತಿರುಗಿರಬಹುದು, ಕೋನ ಬದಲಾಗಿರಬಹುದು ಎಂದೆಲ್ಲ. ನೀವು ಹೇಳಿದ ಮೇಲೆ ಆಯ್ತು ಬಿಡಿ ಎಂದು ಹೋದರು. ಇಪ್ಪತ್ತೆಂಟು ವರ್ಷ ಒಂದೇ ಕಡೆ ದುಡಿದರೆ ನಮ್ಮ ಮಾತನ್ನು ಯಾರೂ ಅಳೆದು ನೋಡುವುದಿಲ್ಲ. ಇನ್ನು ಐದು ತಿಂಗಳಿಗೆ ನಾನು ನಿವೃತ್ತಳು. ಸುಮ್ಮನಿದ್ದುಬಿಟ್ಟರೆ ಆಯಿತು ಎಂದುಕೊಂಡೆ. ಮುಂದಿನ ಸ್ಕ್ಯಾನ್ ಬರುವುದು ನಾನು ಮನೆ ಸೇರಿದ ಮೇಲೆ.

ಆದರೆ ಆ ಮುಂದಿನ ಸ್ಕ್ಯಾನೇ ಒಂದು ದಿನವೂ ನನ್ನನ್ನು ಸುಮ್ಮನೆ ಬಿಡಲಿಲ್ಲ. ಆವತ್ತು ಯಾರೋ ಸರಿಯಾಗಿ ಹದಿನೈದಕ್ಕೆ ಗುಳಿಗೆ ಅಂಟಿಸುತ್ತಾರೆ. ಸಂಖ್ಯೆ ಒಮ್ಮೆಲೇ ಎಲ್ಲಿಗೋ ಹಾರುತ್ತದೆ. ಕನ್ನಡಿಗೆ ಇಪ್ಪತ್ತಾರು ಅಂಟಿಸಿಕೊಂಡವಳು ನೀನು. ಒಂದೇ ವರ್ಷದಲ್ಲಿ ಇಷ್ಟು ಕುಸಿದೆನಾ, ಎಲ್ಲಿ ತಪ್ಪಿದೆ, ವ್ಯಾಯಾಮ ಬಿಟ್ಟೆನಾ ಎಂದು ನಿನ್ನನ್ನು ನೀನೇ ತಿಂದುಹಾಕುತ್ತೀಯ. ಅಲ್ಲಿಯವರೆಗೆ ಕೆಲಸ ಮಾಡದ ಮಾತ್ರೆಯನ್ನು ದಿನಕ್ಕೆ ಮೂರರಂತೆ ನುಂಗಿರುತ್ತೀಯ. ಇದು ಹಿಡಿಯದಿದ್ದರೆ ಬೇರೆ ಔಷಧ ಇದೆ, ಅದನ್ನ ಬೇಗ ಶುರು ಮಾಡಿದಷ್ಟೂ ಒಳ್ಳೇದು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಕಳೆದುಹೋದ ಐದು ತಿಂಗಳನ್ನು ನಾನು ತಿಂದೆ, ಮಗಳೇ.

ಇನ್ನೊಂದು ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಎದ್ದು ಹೋಗಿ ನೀರು ಕುಡಿದು ಬಂದೆ. ನಿನ್ನ ಎರಡನೇ ಸ್ಕ್ಯಾನಿನ ದಿನ ಮೊದಲ ಸಲ ತೆಗೆದದ್ದು ಸರಿ ಬರದೆ ನಿನ್ನನ್ನು ಹೊರಗೆ ಎಳೆದು, ಮತ್ತೆ ಒಳಗೆ ಕಳಿಸಿ ಎರಡನೇ ಸಲ ತೆಗೆದೆನಲ್ಲ. ಕಾಲು ಅಲುಗಿತು ಎಂದು ಹೇಳಿದ್ದೆ. ಅದನ್ನು ನೀನು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುತ್ತೀಯ ಎಂದು ನನಗೆ ಹೊಳೆದಿರಲಿಲ್ಲ. ಗೊತ್ತೇ ಆಗದ ಹಾಗೆ ಕಾಲು ಅಲುಗುವುದಾದರೆ ಹಲ್ಲು ಕೊರೆಯುವ ಮಿಷನ್ನಿನ ಪೆಡಲ್ ಮೇಲೆ ಅದನ್ನು ಹೇಗೆ ಇಡಲಿ, ಯಾರದೋ ನಾಲಗೆ ಹರಿದರೆ ಏನು ಗತಿ ಎಂದು ನೀನು ಕೊರೆಯುವ ಕೆಲಸವನ್ನೆಲ್ಲ ಜೊತೆಗಾರ್ತಿಗೆ ಬಿಟ್ಟುಕೊಟ್ಟೆ. ಹನ್ನೊಂದು ವರ್ಷ ಆ ಪೆಡಲ್ ಒತ್ತಿದವಳು ಈಗ ಬರೀ ಬಾಯಿ ನೋಡಿ ಚೀಟಿ ಬರೆಯುತ್ತೀಯ. ಡಾಕ್ಟರಮ್ಮ ಕಾಲಿಗೆ ಸೂಜಿ ಚುಚ್ಚಿ ನೋಡಿ, ಅದುರುವುದೇನೂ ಕಾಣುತ್ತಿಲ್ಲವಲ್ಲ ಅಂದರೆ, ಇಲ್ಲ ಡಾಕ್ಟ್ರೇ, ನಮ್ಮಮ್ಮ ಕಣ್ಣಾರೆ ನೋಡಿದಾರೆ ಅಂದೆಯಂತೆ.

ಎಲ್ಲರೂ ಅಲುಗುತ್ತಾರೆ, ಕಡ್ಡಿ. ಒಳಗೆ ಆ ಸದ್ದಿಗೆ, ಆ ಚಳಿಗೆ ಪೈಲ್ವಾನರೂ ಅಲುಗುತ್ತಾರೆ. ಅದನ್ನು ಕಾಯಿಲೆಯ ಲೆಕ್ಕಕ್ಕೆ ಹಾಕಬೇಡ. ಪೆಡಲ್ ಒತ್ತಲು ಪಾದ ಸಾಕು, ತೊಡೆ ಬೇಕಿಲ್ಲ ಎಂದು ನೀನೇ ನನಗೆ ಹೇಳಿಕೊಟ್ಟಿದ್ದೆ. ಮತ್ತೆ ಶುರು ಮಾಡು. ನನ್ನ ಬಲಗಡೆಯ ಕೆಳದವಡೆಯ ಹಲ್ಲಿಗೆ ನೀನು ತಾತ್ಕಾಲಿಕವಾಗಿ ಮೆತ್ತಿದ್ದು ಉದುರಿ ತಿಂಗಳಾಯಿತು. ಬೇರೆಯವರ ಹತ್ತಿರ ಹೋಗು ಅಂದೆ ನೀನು. ಹೋಗುವುದಿಲ್ಲ. ಒಂದೇ ಕಡೆ ಅಗಿದು ಅಗಿದು ನನ್ನ ಮುಖವೇ ಸೊಟ್ಟಗಾಗಿದೆ ಎಂದು ನಿಮ್ಮಪ್ಪ ಹೇಳುತ್ತಾರೆ.

ಬುಧವಾರ, ಬೆಳಿಗ್ಗೆ ಹತ್ತೂವರೆ

ನಿನ್ನೆ ಇಷ್ಟು ಬರೆದು ಕೈಚೀಲದಲ್ಲಿಟ್ಟುಕೊಂಡು ಮನೆಗೆ ಹೋದೆ. ಇವತ್ತು ಬಂದವಳೇ ಮೊದಲು ನಮ್ಮ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋದೆ. ಬಾಗಿಲಿನ ಹಿಡಿಯನ್ನು ಎರಡು ಸಲ ಮುಟ್ಟಿ ವಾಪಸು ಬಂದೆ. ಮೂರನೇ ಸಲಕ್ಕೆ ಒಳಗಿನಿಂದ ಅವರೇ, ಬರೋದಾದ್ರೆ ಬನ್ನಿ, ಬಾಗಿಲಿನ ಹಿಡಿ ಅಲ್ಲಾಡಿಸ್ಬೇಡಿ ಅಂದರು.

ಹೇಳಿದೆ. ಹಳೆ ಟೇಪು, ಹೊಸ ಟೇಪು, ಹತ್ತೊಂಬತ್ತು, ಎಲ್ಲ ಹೇಳಿದೆ. ಬೈಯುತ್ತಾರೆ, ಕೂಗಾಡುತ್ತಾರೆ ಎಂದು ಮೈ ಬಿಗಿ ಹಿಡಿದು ನಿಂತಿದ್ದೆ. ಅವರು ಕುರ್ಚಿ ಎಳೆದು ಕೊಟ್ಟರು. ಚಹಾ ತರಿಸಿದರು. ಕೈಗೆ ಅಭ್ಯಾಸವಾದದ್ದು ಅಷ್ಟು ಬೇಗ ಹೋಗಲ್ಲ ಮೇಡಂ, ಇದು ಯಾರಿಂದ ಬೇಕಾದ್ರೂ ಆಗ್ಬಹುದಾಗಿತ್ತು, ನೀವಾಗಿ ಬಂದು ಹೇಳಿದ್ರಲ್ಲ, ಅದೇ ದೊಡ್ಡದು ಅಂದರು. ಗೆರೆ ಮೇಷ್ಟ್ರನ್ನು ಕರೆಸಿದರು. ಅವರು ಎರಡೂ ಕನ್ನಡಕ ಒಂದಾದ ಮೇಲೊಂದು ಹಾಕಿಕೊಂಡು ನಿನ್ನ ಚಿತ್ರಗಳ ಎಲ್ಲಕ್ಕಿಂತ ಕೆಳಗಿನದಕ್ಕೆ ಮತ್ತೆ ಗೆರೆ ಎಳೆದರು. ಅದು ಮಂಡಿಯಿಂದ ಸುಮಾರು ಹದಿನೇಳರ ಜಾಗ. ಅಲ್ಲೇ ಮೂವತ್ತಮೂರು ಇದೆ. ಹದಿನೈದಕ್ಕೆ ಇಳಿದರೆ ಇನ್ನೂ ಹೆಚ್ಚೇ ಇರುತ್ತದೆ, ಎಷ್ಟೆಂದು ಹೇಳಲು ಬರುವುದಿಲ್ಲ ಅಂದರು. ಅಂತೂ ಮೊದಲಿನ ಮೂವತ್ತೊಂದಕ್ಕಿಂತ ಏರಿದೆ, ಇಳಿದಿಲ್ಲ. ಮಾತ್ರೆ ಕೆಲಸ ಮಾಡಿಲ್ಲ. ಹೋಗುವಾಗ ಮೇಷ್ಟ್ರು ನನ್ನ ಹೆಗಲು ತಟ್ಟಿ, ಊರು ಬಿಟ್ಟಿದ್ದ ಸ್ನಾಯು ಸಿಕ್ತು ಬಿಡಿ ಅಂದರು.

ಡಾಕ್ಟರಮ್ಮನಿಗೆ ಮುಖ್ಯಸ್ಥರೇ ಇವತ್ತು ಸಂಜೆ ಕಾಗದ ಕಳಿಸುತ್ತಾರೆ. ಅದು ನನ್ನ ಪತ್ರಕ್ಕಿಂತ ಮೊದಲು ತಲುಪಿ, ಅವರ ಬಾಯಿಂದ ನೀನು ಕೇಳುವುದು ನನಗೆ ಬೇಡ. ಅದಕ್ಕೇ ಇದನ್ನು ಮಧ್ಯಾಹ್ನದ ಅಂಚೆಗೇ ಹಾಕುತ್ತೇನೆ, ಶುಕ್ರವಾರ ನಿನ್ನ ಕೈಗೆ ಸಿಗುತ್ತದೆ. ಸೋಮವಾರ ಸಹಿ ಹಾಕಬೇಡ. ಬೇರೆ ಔಷಧದ ವಿಷಯ ಕೇಳು. ನಾನು ಭಾನುವಾರದ ಬಸ್ಸಿಗೆ ಬರುತ್ತೇನೆ, ನೀನು ಬಾ ಅಂದರೂ ಬೇಡ ಅಂದರೂ. ಡಾಕ್ಟರಮ್ಮನ ಎದುರು ನಿನ್ನ ಪಕ್ಕದಲ್ಲಿ ಕೂರುತ್ತೇನೆ. ಕೂರಿಸಿಕೊಳ್ಳದಿದ್ದರೆ ಹೊರಗಿನ ಬೆಂಚಿನಲ್ಲಿ ಕೂರುತ್ತೇನೆ, ಅದು ನನಗೆ ಅಭ್ಯಾಸವಿದೆ.

ಕನ್ನಡಿಯ ಮೇಲಿನ ಚೀಟಿಯನ್ನು ತೆಗೆದುಹಾಕು. ಬೇರೆ ಸಂಖ್ಯೆ ಅಂಟಿಸಬೇಡ. ಸ್ವಲ್ಪ ದಿನ ಬರೀ ಮುಖ ನೋಡಿಕೋ.

ಹೆತ್ತವರಿಗೆ ಹೆಗ್ಗಣವೂ ಮುದ್ದು ಎಂದು ನಿನ್ನನ್ನು ಛೇಡಿಸುತ್ತಿದ್ದೆ. ಆ ಮುದ್ದಿನಿಂದ ಇಷ್ಟು ಹಾಳಾಗುತ್ತದೆ ಎಂದು ಗೊತ್ತಿರಲಿಲ್ಲ. ಬೈಯುವುದಿದ್ದರೆ ಪೂರ್ತಿ ಬೈದುಬಿಡು, ಅರ್ಧ ಉಳಿಸಿಕೊಳ್ಳಬೇಡ.

ಕ್ಷೇಮ ಸಮಾಚಾರ: ನಿಮ್ಮಪ್ಪ ಚೆನ್ನಾಗಿದ್ದಾರೆ. ನಾನು ಬದುಕಿದ್ದೇನೆ.

ಇಂತಿ ನಿನ್ನ,
ಅಮ್ಮ

ಮತ್ತೆ ಬರೆದದ್ದು: ಬುಧವಾರ, ಮಧ್ಯಾಹ್ನ ಒಂದೂವರೆ, ಅಂಚೆ ಕಚೇರಿಯ ಬೆಂಚು.

ಕವರು ಅಂಟಿಸಿ, ಸ್ಟಾಂಪು ಹಚ್ಚಿ, ಡಬ್ಬಿಯ ಬಾಯಿಯವರೆಗೆ ಕೈ ಹೋಗಿತ್ತು. ಮತ್ತೆ ಹರಿದು ತೆಗೆದೆ. ಹೊಸ ಕವರು ಕೇಳಿದ್ದಕ್ಕೆ ಕೌಂಟರಿನವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಏನು ಮಾಡಲಿ, ಬೆಳಿಗ್ಗೆ ಎಲ್ಲರೂ ನನ್ನನ್ನು ನಂಬಿದರು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಚಹಾ ಕೊಟ್ಟರು. ನೀನೂ ನಂಬಿಬಿಡುತ್ತೀಯ.

ಹೊಸ ಟೇಪು ಬಂದದ್ದು ನಿನ್ನ ಸ್ಕ್ಯಾನ್ ಆಗಿ ಒಂದು ತಿಂಗಳಾದ ಮೇಲೆ. ಜೊತೆಯವಳಿಗೆ ಜ್ವರವೂ ಬಂದಿರಲಿಲ್ಲ. ಆ ದಿನದ ಡ್ಯೂಟಿಯನ್ನು ನಾನೇ ಕೇಳಿ ಬದಲಾಯಿಸಿಕೊಂಡಿದ್ದೆ, ಹೊರಗಿನ ಬೆಂಚಿನಲ್ಲಿ ಇನ್ನೊಂದು ಸಲ ಕೂರಲು ನನ್ನಿಂದ ಆಗುತ್ತಿರಲಿಲ್ಲ. ಹಳೆಯ ಟೇಪಿನಲ್ಲಿ ಸರಿಯಾಗಿ ಹತ್ತೊಂಬತ್ತು ನೋಡಿ, ಸರಿಯಾಗಿ ಹದಿನೈದಕ್ಕೇ ಗುಳಿಗೆ ಅಂಟಿಸಿದೆ. ಸ್ಕ್ಯಾನ್ ಚೆನ್ನಾಗಿ ಬಂತು. ಮೇಷ್ಟ್ರು ಗೆರೆ ಎಳೆಯುವವರೆಗೆ ಕಾಯಲಾರದೆ, ಸ್ಕ್ರೀನಿನ ಮೇಲೆ ಆ ಸ್ನಾಯುವಿನ ಸುತ್ತ ನಾನೇ ಒಂದು ಗೆರೆ ಎಳೆದು ನೋಡಿದೆ. ಮೂವತ್ತಾರು. ಎಷ್ಟೆಂದು ಹೇಳಲು ಬರುವುದಿಲ್ಲ ಎಂದು ಮೇಷ್ಟ್ರು ಅಂದರಲ್ಲ, ನನಗೆ ಬರುತ್ತದೆ. ಮೂವತ್ತಾರು. ಸೋಮವಾರ ಡಾಕ್ಟರಮ್ಮನಿಗೆ ಈ ಸಂಖ್ಯೆ ಹೇಳು, ನಾನೂ ಹೇಳುತ್ತೇನೆ. ಮುಖ್ಯಸ್ಥರ ಕೋಣೆಗೆ ಇದನ್ನು ಅಂಚೆಗೆ ಹಾಕಿದ ಕೂಡಲೇ ಮತ್ತೆ ಹೋಗುತ್ತೇನೆ.

ಆ ಚಿತ್ರಗಳನ್ನು ಅಳಿಸಿದೆ. ಒಳಗೆ ಬಂದು, ಗುಳಿಗೆ ಕಿತ್ತು, ಬೆರಳಿನಲ್ಲೇ ನಾಲ್ಕು ಸೆಂಟಿಮೀಟರ್ ಅಳೆದು ಮೇಲೆ ಅಂಟಿಸಿದೆ. ನನ್ನ ಮಗಳ ಕಾಲಿನಲ್ಲಿ ಇನ್ನೂ ಚೆನ್ನಾಗಿರುವ ಜಾಗ ಎಲ್ಲಿದೆ ಎಂದು ನನಗೆ ಗೊತ್ತಿತ್ತು, ಅದನ್ನೇ ತೋರಿಸಿದೆ. ಅದರಾಚೆ ಏನೂ ಯೋಚಿಸಲಿಲ್ಲ. ಒಂದು ಒಳ್ಳೆಯ ಸುದ್ದಿ ನಿನಗೆ ಬೇಕು ಎಂದಷ್ಟೇ ಇತ್ತು. ನಿನಗಿಂತ ಹೆಚ್ಚಾಗಿ ನನಗೆ ಬೇಕಾಗಿತ್ತು.

ನೀನು ಅಲುಗಿರಲಿಲ್ಲ. ಇಪ್ಪತ್ತು ನಿಮಿಷ ಒಂದೇ ಸಮನೆ ಮಲಗಿದ್ದೆ. ಪಾದಗಳು ಚಳಿಗೆ ಮರಗಟ್ಟಿದ್ದವು, ಆದರೂ ಒಂದು ಬೆರಳನ್ನು ಅಲುಗಿಸಿರಲಿಲ್ಲ. ಅಷ್ಟು ಸ್ಥಿರವಾದ ಕಾಲನ್ನು ಈ ಇಪ್ಪತ್ತೆಂಟು ವರ್ಷದಲ್ಲಿ ನಾನು ಕಂಡದ್ದು ಕಡಿಮೆ. ಅದನ್ನು ಪೆಡಲ್ ಮೇಲೆ ಇಡು.

ಗುಳಿಗೆ ಕೀಳುವಾಗ ನೀನು ತಲೆ ಎತ್ತಿ, ಮೊದಲನೇದು ಸರಿ ಬರ್ಲಿಲ್ವಾ ಅಂತ ಕೇಳಿದೆ. ಕಾಲು ಅಲುಗಿಸ್ಬಿಟ್ಟೆ ಕಣೇ ಅಂದೆ. ಸಾರಿ ಅಮ್ಮಾ, ಗೊತ್ತೇ ಆಗ್ಲಿಲ್ಲ ಅಂದೆ ನೀನು.

ನಾನು, ಪರವಾಗಿಲ್ಲ ಬಿಡು ಅಂದೆ.